ಶಿಕ್ಷೆಯ ಹಳೆಯ ಅರ್ಥ

ದೆಹಲಿಯಲ್ಲಿ ಹುಟ್ಟಿದ ‘ಸರ್ವ ಶಿಕ್ಷಾ ಅಭಿಯಾನ’ ನಮ್ಮ ಶಾಲೆಗಳ ಗೋಡೆಗೆ ಬರುವ ಹೊತ್ತಿಗೆ ‘ಸರ್ವ ಶಿಕ್ಷಣ ಅಭಿಯಾನ’ ಆಗಿತ್ತು. ಆಗಲೇಬೇಕಿತ್ತು. ಹಿಂದಿಯವರಿಗೆ ಶಿಕ್ಷಾ ಎಂದರೆ ವಿದ್ಯೆ, ತಪ್ಪಿಗೆ ಸಿಗುವುದು ಸಜಾ. ಕನ್ನಡದಲ್ಲೂ ಮರಾಠಿ, ತೆಲುಗು, ಮಲಯಾಳಗಳಲ್ಲೂ ತಪ್ಪಿಗೆ ಸಿಗುವುದೇ ಶಿಕ್ಷೆ.

ಹುಟ್ಟಿನಲ್ಲಿ ಇದು ಹಾಗಿರಲಿಲ್ಲ. ‘ಶಕ್’ ಎಂದರೆ ಶಕ್ತನಾಗು. ಅದರ ಇಚ್ಛಾರ್ಥಕ ರೂಪ ‘ಶಿಕ್ಷ್’, ಅಂದರೆ ಬಲ್ಲವನಾಗಬೇಕೆಂಬ ಹಂಬಲ. ಆರು ವೇದಾಂಗಗಳಲ್ಲಿ ಒಂದಾದ ಶಿಕ್ಷೆ ಉಚ್ಚಾರಣೆಯ ಶಾಸ್ತ್ರ. ತೈತ್ತಿರೀಯ ಉಪನಿಷತ್ತಿನ ಶೀಕ್ಷಾವಲ್ಲಿ ವರ್ಣ, ಸ್ವರ, ಮಾತ್ರೆಗಳಿಂದ ಶುರುವಾಗುತ್ತದೆ. ದಂಡಿಸುವುದಕ್ಕೆ ಬೇರೆಯೇ ಪದವಿತ್ತು: ದಂಡ, ಅಂದರೆ ಕೋಲು.

ಎರಡೂ ಬೆರೆತದ್ದು ಹೇಗೆಂದು ಯೋಚಿಸುವಾಗಲೆಲ್ಲ ನನಗೆ ಹಿಂದಿನ ಕೂಲಿಮಠಗಳ ಕೋದಂಡ ಕಣ್ಣ ಮುಂದೆ ಬರುತ್ತದೆ. ಮಾಡಿನ ತೊಲೆಗೆ ಹಗ್ಗ ಕಟ್ಟಿರುತ್ತಿದ್ದರು. ಪಾಠ ಒಪ್ಪಿಸದ ಹುಡುಗ ಅದನ್ನು ಹಿಡಿದು ಜೋತಾಡಬೇಕು. ಕೈ ಸೋತು ಕೆಳಗಿಳಿದರೆ ಕೆಳಗೆ ಬೆತ್ತ ಕಾದಿರುತ್ತಿತ್ತು. ಅಕ್ಷರ ತಿದ್ದಿಸಿದ ಕೈಯೇ ಬೆತ್ತವನ್ನೂ ಹಿಡಿದಿತ್ತು. ‘ಶಾಸ್ತಿ’ಯ ಕಥೆಯೂ ಇಂಥದ್ದೇ. ಶಾಸ್ತ್ರ, ಶಿಷ್ಯ, ಶಾಸ್ತಿ ಮೂರೂ ಒಂದೇ ಧಾತುವಿನ ಮಕ್ಕಳು. ‘ಬುದ್ಧಿ ಕಲಿಸ್ತೀನಿ’, ‘ತಕ್ಕ ಪಾಠ ಕಲಿಸಬೇಕು’ ಎಂದು ಇಂದಿಗೂ ಸಿಟ್ಟಿನಲ್ಲೇ ಹೇಳುತ್ತೇವೆ. ಶಾಲೆಯಲ್ಲಿ ಹೊಡೆಯಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳಿತು. ಮಾತಿನೊಳಗಿನ ಬೆತ್ತ ಹಾಗೇ ಉಳಿಯಿತು.

ತಪ್ಪು ಮಾಡಿದ ಮಕ್ಕಳ ವಿಷಯದಲ್ಲಿ ಕಾನೂನು ಪದಗಳ ಬಗ್ಗೆ ನಮಗಿಂತ ಎಚ್ಚರ ವಹಿಸಿದೆ. ಪತ್ರಿಕೆಗಳು ಇನ್ನೂ ಬಿಡದ ‘ಬಾಲಾಪರಾಧಿ’ 2015ರ ಬಾಲ ನ್ಯಾಯ ಕಾಯ್ದೆಗೆ ‘ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದ ಮಗು’. ಮಗುವನ್ನು ಕುರಿತ ನಡಾವಳಿಯಲ್ಲಿ ಆರೋಪಿಸುವ ಮಾತು ಬಳಸಬಾರದೆಂಬುದು ಅದರ ಮೂಲ ತತ್ವಗಳಲ್ಲೇ ಸೇರಿದೆ. ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರಿರುವ ಬಾಲ ನ್ಯಾಯ ಮಂಡಳಿ ತಿಳಿಹೇಳಿ ಮನೆಗೆ ಕಳಿಸಬಹುದು, ಸಮುದಾಯ ಸೇವೆಗೆ ಹಚ್ಚಬಹುದು, ಶಾಲೆಗೆ ಹೋಗೆಂದು ಆದೇಶಿಸಬಹುದು. ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹದಲ್ಲಿಡಬಹುದು. ಶಾಲೆಗೆ ಹೋಗೆಂಬುದು ನ್ಯಾಯಪೀಠದ ಆದೇಶವಾಗುವಲ್ಲಿ ಶಿಕ್ಷೆ ತನ್ನ ಹುಟ್ಟಿದೂರಿಗೆ ಮರಳಿದಂತೆ ನನಗೆ ಕಾಣುತ್ತದೆ.

ಆದರೆ ಬೇರೆ ಬಾಗಿಲೊಂದನ್ನು ತೆರೆದದ್ದೂ ಇದೇ ಕಾಯ್ದೆ. 2012ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ನಡೆದ, ಅಪ್ರಾಪ್ತನೊಬ್ಬನೂ ಭಾಗಿಯಾಗಿದ್ದ ಸಾಮೂಹಿಕ ಅತ್ಯಾಚಾರದ ನಂತರ ಎದ್ದ ಕೂಗಿನ ಫಲವಾಗಿ, 16 ದಾಟಿದ ಮಗುವಿನ ಮೇಲೆ ಘೋರ ಅಪರಾಧದ ಆಪಾದನೆಯಿದ್ದರೆ ಮಂಡಳಿ ಪರಿಶೀಲಿಸಿ, ವಯಸ್ಕರಂತೆ ವಿಚಾರಣೆಗೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಆ ಕೂಗಿನ ಹಿಂದಿದ್ದ ನೋವು ನಿಜವಾದದ್ದು, ಅದನ್ನು ಹಗುರಾಗಿ ನೋಡಲಾರೆ. ಅಲ್ಲೂ ಕಾನೂನು ಮರಣದಂಡನೆಯನ್ನು ತಡೆದಿದೆ. ಬಿಡುಗಡೆಯ ಆಸೆಯೇ ಇಲ್ಲದ ಜೀವಾವಧಿಯನ್ನೂ ತಡೆದಿದೆ. 21 ತುಂಬುವವರೆಗೆ ಜೈಲಿಗೆ ಹಾಕುವಂತಿಲ್ಲ. ಸುರಕ್ಷಿತ ಸ್ಥಳದಲ್ಲಿಟ್ಟು ಓದು, ಕಸುಬು, ಆಪ್ತ ಸಮಾಲೋಚನೆ ಕೊಡಿಸಬೇಕು. 21ಕ್ಕೆ ಅವನು ಸುಧಾರಿಸಿದ್ದಾನೆಯೇ ಎಂದು ನ್ಯಾಯಾಲಯ ಅಳೆಯುತ್ತದೆ: ಬಿಡುಗಡೆ, ಇಲ್ಲವೇ ಉಳಿದ ಅವಧಿಗೆ ಜೈಲು. ಅಳೆಯುವುದು ಹುಡುಗನನ್ನು ಮಾತ್ರ ಆಗಬಾರದು. ಅವನ ಮುಂದೆ ಮೇಷ್ಟ್ರು ಎಷ್ಟು ದಿನ ನಿಂತರು, ಯಾವ ಕಸುಬು ಕೈಗೆ ಹತ್ತಿತು, ಆಪ್ತ ಸಮಾಲೋಚಕರು ಎಷ್ಟು ಸಲ ಬಂದು ಕೂತು ಮಾತಾಡಿದರು ಎಂಬ ಲೆಕ್ಕವೂ ನ್ಯಾಯಾಲಯ ನೋಡುವ ವರದಿಯಲ್ಲಿ, ಅವನ ಗುಣನಡತೆಯ ಸಾಲಿಗಿಂತ ಮೊದಲೇ ಬರಬೇಕು.