ಬ್ಲ್ಯಾಕ್, ಗ್ರೀನ್ ವಾರ್ಡಿಮನ್

ಬ್ಲ್ಯಾಕ್, ಗ್ರೀನ್ ವಾರ್ಡಿಮನ್ (1836–1915): ಅಮೆರಿಕದ ದಂತವೈದ್ಯ, ಸಂಶೋಧಕ, ಅಧ್ಯಾಪಕ. ಹುಳುಕು ಹಲ್ಲನ್ನು ಕೊರೆದು ತುಂಬುವ ಕೆಲಸಕ್ಕೆ ಅಳತೆಯನ್ನೂ ಹೆಸರನ್ನೂ ಕ್ರಮವನ್ನೂ ತಂದುಕೊಟ್ಟವನು. ಜಿ. ವಿ. ಬ್ಲ್ಯಾಕ್ ಎಂಬ ಮೊಟಕು ಹೆಸರಿನಿಂದಲೇ ಪ್ರಸಿದ್ಧ. ಆಧುನಿಕ ದಂತವೈದ್ಯದ ಪಿತಾಮಹನೆಂದು ಈತನನ್ನು ಕರೆಯುವುದುಂಟು. ಅದೇ ಬಿರುದು ಫ್ರಾನ್ಸಿನ ಪಿಯರ್ ಫೋಷಾರನಿಗೂ ಸಂದಿದೆ. ಹಲ್ಲಿನ ವೈದ್ಯಕ್ಕೆ ಮೊದಲ ಸಮಗ್ರ ಗ್ರಂಥ ಬರೆದವನು ಫೋಷಾರ್ (1728). ಅದರ ಕೈಗೆ ಅಳತೆಗೋಲು ಕೊಟ್ಟವನು ಬ್ಲ್ಯಾಕ್. ಬಿರುದನ್ನು ಇಬ್ಬರೂ ಹಂಚಿಕೊಂಡರೆ ತೊಂದರೆಯಿಲ್ಲ.

ಇಲಿನಾಯ್ ರಾಜ್ಯದ ವಿಂಚೆಸ್ಟರ್ ಊರಿನ ಬಳಿಯ ಕೃಷಿಕ ಮನೆತನದಲ್ಲಿ 1836ರ ಆಗಸ್ಟ್ 3ರಂದು ಹುಟ್ಟಿದ. ಶಾಲೆಯ ಓದು ಅಷ್ಟಕ್ಕಷ್ಟೆ. ಹದಿನೇಳರ ವಯಸ್ಸಿನಲ್ಲಿ ವೈದ್ಯನಾಗಿದ್ದ ಅಣ್ಣ ಥಾಮಸನ ಬಳಿ ಔಷಧ ವಿದ್ಯೆಗೆ ಕೈಹಾಕಿದ. 1857ರಲ್ಲಿ ಸ್ಪಿಯರ್ ಎಂಬ ದಂತವೈದ್ಯನ ಬಳಿ ಕೆಲಕಾಲ ಕೆಲಸ ಕಲಿತು, ವಿಂಚೆಸ್ಟರಿನಲ್ಲಿ ತನ್ನದೇ ಚಿಕಿತ್ಸಾಲಯ ತೆರೆದ. ಆಗ ಇದರಲ್ಲಿ ವಿಶೇಷವೇನೂ ಇರಲಿಲ್ಲ. ಕಮ್ಮಾರಿಕೆ, ಬಡಗಿ ಕೆಲಸಗಳ ಹಾಗೆ ಹಲ್ಲಿನ ಕೆಲಸವನ್ನೂ ಒಬ್ಬರ ಕೈಕೆಳಗೆ ಇದ್ದು ಕಲಿಯುವುದೇ ರೂಢಿ. ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೇನೆಯಲ್ಲಿ ಬೇಹುಗಾರನಾಗಿದ್ದು, ಗಾಯಗೊಂಡು ಮರಳಿದ. 1864ರಲ್ಲಿ ಜ್ಯಾಕ್ಸನ್‌ವಿಲ್‌ಗೆ ಬಂದು ನೆಲೆಸಿ ಮೂರು ದಶಕಗಳಷ್ಟು ಕಾಲ ಅಲ್ಲೇ ವೃತ್ತಿ ನಡೆಸಿದ. ಈತನ ಸಂಶೋಧನೆಯ ಬಹುಭಾಗ ಈ ಸಣ್ಣ ಊರಿನಲ್ಲಿ, ಹಗಲೆಲ್ಲ ರೋಗಿಗಳನ್ನು ನೋಡಿ ಉಳಿದ ಹೊತ್ತಿನಲ್ಲಿ ನಡೆದದ್ದು. ರಸಾಯನಶಾಸ್ತ್ರವನ್ನೂ ಸೂಕ್ಷ್ಮದರ್ಶಕದ ಕೆಲಸವನ್ನೂ ತಾನೇ ಓದಿ ಕಲಿತ. ಬೇಕಾದ ಉಪಕರಣಗಳನ್ನು ಎಷ್ಟೋ ಸಲ ಸ್ವಂತ ಕೈಯಿಂದ ಮಾಡಿಕೊಂಡ. ಕಾಲಿನಿಂದ ತುಳಿದು ಹಗ್ಗದ ಮೂಲಕ ತಿರುಗಿಸುವ ಕೊರೆಯುವ ಯಂತ್ರವೂ ಅವುಗಳಲ್ಲೊಂದು. ಮುಂದೆ ಹೆಸರಿನ ಹಿಂದೆ ಸೇರಿದ ಪದವಿಗಳು ಗೌರವಾರ್ಥವಾಗಿ ಬಂದವು.

ಬ್ಲ್ಯಾಕನ ಸ್ವಭಾವ ತಿಳಿಯಬೇಕಾದರೆ ಅಮಾಲ್ಗಮಿನ ಕಥೆ ನೋಡಬೇಕು. ಬೆಳ್ಳಿಯ ಪುಡಿಯನ್ನು ಪಾದರಸದೊಡನೆ ಕಲಸಿದರೆ ಬೆಣ್ಣೆಯಂತೆ ಮೆತ್ತಗಾಗಿ, ಹಲ್ಲಿನ ಕುಳಿಗೆ ಒತ್ತಿದ ಮೇಲೆ ಕಲ್ಲಾಗುತ್ತದೆ. ನಮ್ಮಲ್ಲಿ ಹಲ್ಲಿಗೆ ಬೆಳ್ಳಿ ತುಂಬಿಸುವುದು ಎನ್ನುವುದು ಇದನ್ನೇ. 1833ರಲ್ಲಿ ಕ್ರಾಕೂರ್ ಸೋದರರು ಇದನ್ನು ನ್ಯೂಯಾರ್ಕಿಗೆ ತಂದು ಅಗ್ಗದ ಚಿಕಿತ್ಸೆಯಾಗಿ ಮಾರಿದಾಗ ಚಿನ್ನದ ರೇಕು ತುಂಬುತ್ತಿದ್ದ ವೈದ್ಯರು ರೇಗಿದರು. ಅಮೆರಿಕದ ಮೊದಲ ರಾಷ್ಟ್ರಮಟ್ಟದ ದಂತವೈದ್ಯರ ಸಂಘ ತನ್ನ ಸದಸ್ಯರಿಂದ ಅಮಾಲ್ಗಮ್ ಮುಟ್ಟುವುದಿಲ್ಲವೆಂದು ಮುಚ್ಚಳಿಕೆ ಬರೆಸಿಕೊಂಡಿತು. ಆ ಜಗಳದಲ್ಲೇ ಸೊರಗಿ 1856ರಲ್ಲಿ ಸಂಘ ಮುಚ್ಚಿಹೋಯಿತು. ಅಮಾಲ್ಗಮ್ ಉಳಿಯಿತು. ಆದರೆ ಅದರ ನಡತೆ ನಂಬುವಂತಿರಲಿಲ್ಲ. ಒಮ್ಮೆ ಕುಗ್ಗಿ ಅಂಚಿನಲ್ಲಿ ಸಂದು ಬಿಡುವುದು, ಇನ್ನೊಮ್ಮೆ ಉಬ್ಬಿ ಹಲ್ಲನ್ನೇ ಸೀಳುವುದು. ಯಾರ ಮಿಶ್ರಣ ಒಳ್ಳೆಯದೆಂಬ ವಾದ ನಡೆಯುತ್ತಲೇ ಇತ್ತು, ಅಳೆದವರು ಕಡಿಮೆ.

ಬ್ಲ್ಯಾಕ್ ಅಳೆಯಲು ಕುಳಿತ. ಗಟ್ಟಿಯಾಗುವಾಗ ತುಂಬಿಕೆ ಎಷ್ಟು ಹಿಗ್ಗುತ್ತದೆ ಕುಗ್ಗುತ್ತದೆ ಎಂಬುದನ್ನು ಸೂಕ್ಷ್ಮಮಾಪಕದಿಂದ ನೋಡಿದ. ಭಾರ ಹೇರಿದರೆ ಎಷ್ಟು ಹರಿಯುತ್ತದೆ, ಯಾವಾಗ ಒಡೆಯುತ್ತದೆ ಎಂದು ಪರೀಕ್ಷಿಸಿದ. ಬಾಯಲ್ಲಿ ಅದರ ಮೇಲೆ ಬೀಳುವ ಭಾರವೆಷ್ಟು ಎಂಬ ಪ್ರಶ್ನೆ ಎದ್ದಾಗ ಕಚ್ಚುವ ಬಲವನ್ನು ಅಳೆಯುವ ಸಾಧನವೊಂದನ್ನು ರಚಿಸಿದ. ಈ ನಡುವೆ ಒಂದು ಒಗಟು ಎದುರಾಯಿತು: ಒಂದೇ ಲೋಹದಿಂದ ಅರದಲ್ಲಿ ತೇಯ್ದ ಪುಡಿ ಇವತ್ತು ಒಂದು ಥರ, ಕೆಲವು ತಿಂಗಳ ಮೇಲೆ ಇನ್ನೊಂದು ಥರ ವರ್ತಿಸುತ್ತಿತ್ತು. ಹೊಸ ಅಕ್ಕಿಯ ಅನ್ನ ಮುದ್ದೆಯಾಗಿ, ಹಳೆಯ ಅಕ್ಕಿಯದು ಉದುರುದುರಾಗುವ ಹಾಗೆ ಪುಡಿಯೂ ಹಳತಾಗುತ್ತದೆ ಎಂದು ಈತ ಕಂಡುಕೊಂಡ. ಪುಡಿಯನ್ನು ಕುದಿನೀರಿನ ಬಿಸಿಯಲ್ಲಿ ಸ್ವಲ್ಪ ಹೊತ್ತು ಇಟ್ಟರೆ ತಿಂಗಳುಗಳ ಹಳತನ ಆಗಲೇ ಬರುತ್ತದೆಂಬುದನ್ನೂ ತೋರಿಸಿದ. ಮೂರನೆಯ ಎರಡು ಭಾಗದಷ್ಟು ಬೆಳ್ಳಿ, ಕಾಲು ಭಾಗದಷ್ಟು ತವರ, ಉಳಿದಂತೆ ಅಲ್ಪ ಪ್ರಮಾಣದ ಬೇರೆ ಲೋಹಗಳು: 1895–96ರ ಹೊತ್ತಿಗೆ ಈತ ಪ್ರಕಟಿಸಿದ ಈ ಬಗೆಯ ಸಮತೋಲದ ಮಿಶ್ರಣವೇ ಮುಂದಿನ ಅರ್ಧ ಶತಮಾನಕ್ಕೂ ಮಿಕ್ಕಿ ತಯಾರಕರಿಗೆ ಮಾದರಿಯಾಯಿತು. ಮೆತ್ತನೆಯ ಹಲ್ಲು ಬೇಗ ಹುಳುಕಾಗುತ್ತದೆಂಬ ಆ ಕಾಲದ ನಂಬಿಕೆಗೂ ಇದೇ ಪರೀಕ್ಷೆಗಳಲ್ಲಿ ಪೆಟ್ಟುಬಿತ್ತು. ಹಲ್ಲಿನ ಸುಣ್ಣದ ಅಂಶಕ್ಕೂ ಹುಳುಕಿಗೂ ನೇರ ಸಂಬಂಧ ಕಾಣಲಿಲ್ಲ. ಕೇಡು ಹಲ್ಲಿನ ಹೊರಗೆ, ಅದರ ಮೇಲೆ ಅಂಟಿಕೊಳ್ಳುವ ಸೂಕ್ಷ್ಮಜೀವಿಗಳ ಲೋಳೆಪದರದಲ್ಲಿದೆ ಎಂದವರಲ್ಲಿ ಈತನೂ ಒಬ್ಬ. ಅಮಾಲ್ಗಮಿನ ಮಟ್ಟಿಗೆ ಹೇಳುವುದಾದರೆ, ಪಾದರಸದ ಬಳಕೆಯನ್ನು ತಗ್ಗಿಸುವ 2013ರ ಮಿನಾಮಾಟಾ ಒಪ್ಪಂದದ ಮೇಲೆ ಅದರ ಬಳಕೆ ಈಗ ಇಳಿಯುತ್ತಿದೆ.

ಹುಳುಕು ಎಲ್ಲಿ ಆಗುತ್ತದೆಂಬುದನ್ನು ನೋಡಿ ಬ್ಲ್ಯಾಕ್ ಕುಳಿಗಳನ್ನು ಐದು ವರ್ಗ ಮಾಡಿದ. ದವಡೆಹಲ್ಲಿನ ಅಗಿಯುವ ಮೇಲ್ಮೈಯ ಗೀರು, ಗುಳಿಗಳಲ್ಲಿ ಆಗುವಂಥದ್ದು ಒಂದನೆಯದು. ದವಡೆಹಲ್ಲುಗಳ ನಡುವಣ ಸಂದಿಯದು ಎರಡನೆಯದು. ಮುಂದಿನ ಹಲ್ಲುಗಳ ಸಂದಿಯದು ಮೂರನೆಯದಾದರೆ, ಅದೇ ಹಲ್ಲಿನ ಕಚ್ಚುವ ಮೂಲೆಯನ್ನೂ ತಿಂದುಹಾಕಿದ್ದು ನಾಲ್ಕನೆಯದು. ಒಸಡಿನ ಅಂಚಿಗೆ ಹತ್ತಿದ್ದು ಐದನೆಯದು. ಆರನೆಯದನ್ನು ಬೇರೆಯವರು ಆಮೇಲೆ ಸೇರಿಸಿದರು. ಪ್ರತಿ ವರ್ಗದ ಕುಳಿಯನ್ನೂ ಯಾವ ಆಕಾರದಲ್ಲಿ, ಯಾವ ಹೆಜ್ಜೆಯ ನಂತರ ಯಾವ ಹೆಜ್ಜೆಯಿಟ್ಟು ಸಿದ್ಧಪಡಿಸಬೇಕೆಂದು 1908ರಲ್ಲಿ ಎರಡು ಸಂಪುಟಗಳಲ್ಲಿ ಬಂದ ಈತನ ದಂತ ಶಸ್ತ್ರಕ್ರಿಯಾ ಗ್ರಂಥ ವಿವರಿಸಿತು. ಬರಿಯ ಹುಳುಕನ್ನು ತೆಗೆದರೆ ಸಾಲದು, ಮುಂದೆ ಹುಳುಕಾಗಬಹುದಾದ ಗೀರುಗಳನ್ನೂ ಸೇರಿಸಿ ಕುಳಿಯನ್ನು ಶುಚಿಯಾಗಿರುವ ಜಾಗದವರೆಗೆ ವಿಸ್ತರಿಸಬೇಕೆಂಬುದು ಅದರ ಪ್ರಸಿದ್ಧ ಸೂತ್ರ. ಇದರಿಂದ ಗಟ್ಟಿ ಹಲ್ಲೂ ಬಹಳಷ್ಟು ಕೊರೆದುಹೋಯಿತೆಂಬ ಟೀಕೆ ಸರಿಯಾದದ್ದೇ. ಆದರೆ ಅಮಾಲ್ಗಮ್ ಹಲ್ಲಿಗೆ ತಾನಾಗಿ ಅಂಟುವುದಿಲ್ಲ, ಕುಳಿಯ ಆಕಾರವೇ ಅದನ್ನು ಹಿಡಿದಿಡಬೇಕು. ಹಲ್ಲಿಗೆ ಅಂಟುವ ರಾಳಗಳಿಗೆ ದಾರಿಯಾದ ಆಮ್ಲಸಂಸ್ಕಾರವನ್ನು ಬ್ಯೂನೊಕೋರ್ ತೋರಿಸಿದ್ದು 1955ರಲ್ಲಿ. ಇಲ್ಲದ ಅಂಟನ್ನು ಬಳಸಲಿಲ್ಲವೆಂದು ಬ್ಲ್ಯಾಕನನ್ನು ದೂರುವುದು ನ್ಯಾಯವಲ್ಲ.

ಕೈಯುಪಕರಣಗಳಿಗೆ ಹೆಸರಿಡುವುದರಲ್ಲೂ ಇದೇ ಪಟ್ಟು. ಅಲ್ಲಿಯವರೆಗೆ ಉಳಿಗಳನ್ನು ಮಾಡಿದವರ ಹೆಸರಿನಿಂದಲೋ ಅಂಗಡಿಯ ನಂಬರಿನಿಂದಲೋ ಕರೆಯುತ್ತಿದ್ದರು. ಬ್ಲ್ಯಾಕ್ ಹಿಡಿಯ ಮೇಲೆ ಸಂಖ್ಯೆಗಳನ್ನು ಕೆತ್ತಿಸಿದ. 10-7-14 ಎಂದಿದ್ದರೆ ಅಲಗಿನ ಅಗಲ ಒಂದು ಮಿಲಿಮೀಟರಿನ ಹತ್ತನೆಯ ಭಾಗದ ಹತ್ತು ಪಟ್ಟು, ಅಂದರೆ 1 ಮಿ.ಮೀ.; ಉದ್ದ 7 ಮಿ.ಮೀ.; ಹಿಡಿಯೊಡನೆ ಅಲಗು ಮಾಡುವ ಕೋನ 14. ಈ ಕೋನ ಡಿಗ್ರಿಯದಲ್ಲ. ಪೂರ್ಣ ವೃತ್ತವನ್ನು 360ರ ಬದಲು 100 ಭಾಗ ಮಾಡಿ ಎಣಿಸಿದ್ದು, ಆದ್ದರಿಂದ 14 ಎಂದರೆ ಸುಮಾರು 50 ಡಿಗ್ರಿ. ಬೆಂಗಳೂರಿನ ಸರ್ಕಾರಿ ದಂತವೈದ್ಯ ಕಾಲೇಜಾಗಲಿ ಮಣಿಪಾಲವಾಗಲಿ, ಬಿ.ಡಿ.ಎಸ್. ವಿದ್ಯಾರ್ಥಿಗಳು ರೋಗಿಯನ್ನು ಮುಟ್ಟುವ ಮೊದಲು ಈ ಲೆಕ್ಕ ಬಾಯಿಪಾಠ ಮಾಡಬೇಕು. ವೈವಾದಲ್ಲಿ ತಡವರಿಸುವುದೂ ಹೆಚ್ಚಾಗಿ ಇಲ್ಲೇ.

ಪಾಠ ಹೇಳುವ ಕೆಲಸ ಮಿಸ್ಸೂರಿ ದಂತವೈದ್ಯ ಕಾಲೇಜಿನಲ್ಲಿ ಮೊದಲಾಗಿ ಷಿಕಾಗೊ, ಅಯೋವಾಗಳಲ್ಲಿ ಮುಂದುವರಿಯಿತು. 1891ರಲ್ಲಿ ಷಿಕಾಗೊದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾನಿಲಯದ ದಂತವೈದ್ಯ ಶಾಲೆ ಸೇರಿ, 1897ರಿಂದ ಕೊನೆಯವರೆಗೆ ಅದರ ಡೀನ್ ಆಗಿದ್ದ. ಕಿತ್ತ ಹಲ್ಲುಗಳ ಮೇಲೆ, ದೊಡ್ಡದಾಗಿ ಮಾಡಿದ ಮಾದರಿಗಳ ಮೇಲೆ ಕೈ ಪಳಗಿಸಿಯೇ ವಿದ್ಯಾರ್ಥಿಯನ್ನು ರೋಗಿಯ ಬಳಿ ಬಿಡಬೇಕೆಂಬ ಪದ್ಧತಿಯನ್ನು ಬೇರೂರಿಸಿದವರಲ್ಲಿ ಈತ ಮುಖ್ಯ. 1890ರಲ್ಲಿ ಬಂದ ಮಾನವ ದಂತರಚನೆಯ ಗ್ರಂಥದಲ್ಲಿ ಒಂದೊಂದು ಹಲ್ಲಿಗೂ ಸರಾಸರಿ ಅಳತೆ ಕೊಟ್ಟಿದ್ದಾನೆ. 1910ರಲ್ಲಿ ಅಂತರರಾಷ್ಟ್ರೀಯ ದಂತವೈದ್ಯ ಒಕ್ಕೂಟದ ಮೊದಲ ಮಿಲ್ಲರ್ ಪ್ರಶಸ್ತಿ ಈತನಿಗೆ ಸಂದಿತು. ಮಗ ಆರ್ಥರ್ ಕೂಡ ಅದೇ ಶಾಲೆಯ ಡೀನ್ ಆದ. ಷಿಕಾಗೊದ ಲಿಂಕನ್ ಉದ್ಯಾನದಲ್ಲಿ ಬ್ಲ್ಯಾಕನ ಕಂಚಿನ ಪ್ರತಿಮೆಯಿದೆ. ಶಾಲೆ 2001ರಲ್ಲಿ ಮುಚ್ಚಿತು.

ಕೊನೆಯ ಆರು ವರ್ಷಗಳ ಕೆಲಸ ಬೇರೆಯೇ ದಿಕ್ಕಿನದು. ಫ್ರೆಡರಿಕ್ ಮೆಕೇ ಎಂಬ ಯುವ ವೈದ್ಯ 1901ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್ ಪಟ್ಟಣಕ್ಕೆ ಬಂದಾಗ ಅಲ್ಲೇ ಹುಟ್ಟಿ ಬೆಳೆದವರ ಹಲ್ಲುಗಳ ಮೇಲೆ ಕಂದು ಕಲೆ ಕಂಡ. ಪುಸ್ತಕಗಳಲ್ಲಿ ಇದರ ಸುಳಿವಿರಲಿಲ್ಲ. ಬ್ಲ್ಯಾಕನಿಗೆ ಬರೆದರೆ ಆತನಿಗೂ ಮೊದಲು ನಂಬಿಕೆ ಬರಲಿಲ್ಲ. 1909ರಲ್ಲಿ ಸ್ವತಃ ಕೊಲರಾಡೊಗೆ ಹೋಗಿ ನೋಡಿದ. ಆ ಊರಿನಲ್ಲಿ ಹುಟ್ಟಿದ ಮಕ್ಕಳಲ್ಲಿ ನೂರಕ್ಕೆ ತೊಂಬತ್ತರಷ್ಟು ಮಂದಿಗೆ ಕಲೆ. ಎನಾಮಲನ್ನು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಇದು ಹೊರಗಿನಿಂದ ಹತ್ತಿದ ಬಣ್ಣವಲ್ಲ, ಹಲ್ಲು ಬೆಳೆಯುವಾಗಲೇ ಉಳಿದ ಕೊರತೆ ಎಂದು ಗೊತ್ತಾಯಿತು. ವಿಚಿತ್ರವೆಂದರೆ ಆ ಕಲೆಯ ಹಲ್ಲು ಅಷ್ಟು ಸುಲಭವಾಗಿ ಹುಳುಕಾಗುತ್ತಿರಲಿಲ್ಲ. ಕಾರಣ ಮಾತ್ರ ಸಿಗಲಿಲ್ಲ. ಎಲ್ಲವನ್ನೂ ಅಳೆದವನು ನೀರಿನಲ್ಲಿದ್ದುದನ್ನು ಅಳೆಯುವಂತಿರಲಿಲ್ಲ. ಅದಕ್ಕೆ ತಕ್ಕ ಸಾಧನ ಆಗಿನ್ನೂ ಕೈಗೆ ಬಂದಿರಲಿಲ್ಲ. 1915ರ ಆಗಸ್ಟ್ 31ರಂದು ಬ್ಲ್ಯಾಕ್ ತೀರಿಕೊಂಡ; ಈ ಕುರಿತ ಬರಹ ಮರುವರ್ಷ ಅಚ್ಚಾಯಿತು.

ಉತ್ತರ ಬಂದದ್ದು 1931ರಲ್ಲಿ. ಅಲ್ಯೂಮಿನಿಯಂ ಕಂಪನಿಯೊಂದರ ರಸಾಯನತಜ್ಞ ಚರ್ಚಿಲ್, ಇಂಥದೇ ಕಲೆ ಕಂಡುಬಂದಿದ್ದ ಅರ್ಕನ್ಸಾದ ಬಾಕ್ಸೈಟ್ ಎಂಬ ಊರಿನ ನೀರಿನಲ್ಲಿ ಹೆಚ್ಚಿನ ಫ್ಲೋರೈಡ್ ಇರುವುದನ್ನು ರೋಹಿತ ಪರೀಕ್ಷೆಯಿಂದ ಕಂಡ. ಭಾರತದಲ್ಲಿ 1937ರಲ್ಲಿ ನೆಲ್ಲೂರಿನ ಕಡೆಯಿಂದ ಫ್ಲೋರೋಸಿಸ್, ಅಂದರೆ ಹೆಚ್ಚಿನ ಫ್ಲೋರೈಡಿನಿಂದಾಗುವ ಈ ಬಗೆಯ ಕೇಡು, ವರದಿಯಾಯಿತು. ಕರ್ನಾಟಕದಲ್ಲಿ ಪಾವಗಡ, ಬಾಗೇಪಲ್ಲಿ, ಮುಂಡರಗಿ ಸೀಮೆಗಳ ಆಳದ ಕೊಳವೆಬಾವಿಯ ನೀರು ಕುಡಿದವರ ಹಲ್ಲಿನಲ್ಲಿರುವುದು ಮೆಕೇ ಕಂಡ ಕಲೆಯೇ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮ್ ಫ್ಲೋರೈಡ್ ಇರಬಹುದು. ಬೇರೆ ನೀರಿಲ್ಲದ ಕಡೆ 1.5ರವರೆಗೆ ಸೈರಿಸಬಹುದು ಎಂಬುದು ಭಾರತದ ಮಾನಕ. ಬ್ಲ್ಯಾಕ್ ಕಂಡಂತೆ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲೇ ಈ ಕೇಡು ಆಗಿಹೋಗುತ್ತದೆ. ಊರಿಗೆ ಶುದ್ಧ ನೀರಿನ ಘಟಕ ಬಂದ ಮೇಲೆ ಹುಟ್ಟಿದ ತಮ್ಮನ ಹಲ್ಲು ಬೆಳ್ಳಗಿದ್ದು, ಈಗ ಅದೇ ನೀರು ಕುಡಿಯುವ ಅಕ್ಕನ ಹಲ್ಲಿನ ಕಂದು ಪಟ್ಟೆ ಹಾಗೆಯೇ ಉಳಿಯುವುದು ಇದರಿಂದ.