ಓಝೋನ್: ಬಾನಿನಲ್ಲಿ ಕವಚ, ಕೋಣೆಯಲ್ಲಿ ಕಂಟಕ

ಮನೆಯ ಗಾಳಿಯನ್ನು ಶುದ್ಧಗೊಳಿಸುವ ಭರವಸೆಯೊಂದಿಗೆ ಮಾರಾಟವಾಗುವ ಕೆಲವು ಅಯಾನೈಸರ್ ಯಂತ್ರಗಳು ತಾವೇ ಒಂದು ಮಾಲಿನ್ಯಕಾರಕವನ್ನು ಕೋಣೆಗೆ ಬಿಡುತ್ತವೆ. ಅದರ ಹೆಸರು ಓಝೋನ್. ಭೂಮಿಯ ಜೀವಸಂಕುಲವನ್ನು ಕಾಯುತ್ತಿರುವ ಓಝೋನ್ ಪದರದಲ್ಲಿರುವುದೂ ಇದೇ ಅನಿಲ. ಅಲ್ಲಿ ಒಳಿತು ಮಾಡುವ ವಸ್ತು ಇಲ್ಲಿ ಕೆಡುಕಾಗುವುದಕ್ಕೆ ಅದು ಇರುವ ತಾಣವೇ ಕಾರಣ.

ಮೂರು ಪರಮಾಣುಗಳ ಅನಿಲ

ಉಸಿರಾಟಕ್ಕೆ ಬೇಕಾದ ಆಮ್ಲಜನಕದ ಅಣುವಿನಲ್ಲಿ ಎರಡು ಪರಮಾಣುಗಳಿದ್ದರೆ ಓಝೋನ್ ಅಣುವಿನಲ್ಲಿ ಮೂರಿರುತ್ತವೆ. ಈ ರಚನೆ ಸ್ಥಿರವಲ್ಲ. ಹೆಚ್ಚುವರಿ ಪರಮಾಣುವನ್ನು ಇತರ ವಸ್ತುಗಳಿಗೆ ಸುಲಭವಾಗಿ ಬಿಟ್ಟುಕೊಡುವುದರಿಂದ ಓಝೋನ್ ಪ್ರಬಲ ಉತ್ಕರ್ಷಣಕಾರಿಯಾಗಿದೆ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ರಸಾಯನ ವಿಜ್ಞಾನಿ ಕ್ರಿಶ್ಚಿಯನ್ ಶೋನ್‌ಬೈನ್ 1839ರಲ್ಲಿ ಇದನ್ನು ಗುರುತಿಸಿದರು. ವಾಸನೆ ಬೀರುವುದು ಎಂಬ ಅರ್ಥದ ಗ್ರೀಕ್ ಪದದಿಂದ ಇದಕ್ಕೆ ಹೆಸರು ಬಂದಿದೆ. ಗುಡುಗು ಸಿಡಿಲಿನ ಮಳೆಯ ವೇಳೆ ಅಥವಾ ಜೆರಾಕ್ಸ್ ಯಂತ್ರದ ಬಳಿ ಮೂಗಿಗೆ ತಾಗುವ ಘಾಟು ಓಝೋನ್‌ನದೇ ಆಗಿರಬಹುದು.

ಮೇಲಿನ ಪದರ

ವಾಯುಮಂಡಲದಲ್ಲಿರುವ ಓಝೋನ್‌ನ ಸುಮಾರು ಶೇ 90ರಷ್ಟು ಭಾಗ ಸ್ಟ್ರಾಟೋಸ್ಫಿಯರ್‌ನಲ್ಲಿದೆ. ನೆಲದಿಂದ 15ರಿಂದ 35 ಕಿ.ಮೀ. ಎತ್ತರದಲ್ಲಿ ಅದರ ಸಾಂದ್ರತೆ ಹೆಚ್ಚು. ಆದರೂ ಇದು ದಟ್ಟವಾದ ಹೊದಿಕೆಯಲ್ಲ. ಅಷ್ಟನ್ನೂ ಸಮುದ್ರಮಟ್ಟದ ಒತ್ತಡಕ್ಕೆ ತಂದರೆ ದೊರೆಯುವುದು ಸುಮಾರು 3 ಮಿ.ಮೀ. ದಪ್ಪದ ಪದರ ಮಾತ್ರ. ಚರ್ಮದ ಕ್ಯಾನ್ಸರ್ ಮತ್ತು ಕಣ್ಣಿನ ಪೊರೆಗೆ ಕಾರಣವಾಗಬಲ್ಲ ಅತಿನೇರಳೆ ಕಿರಣಗಳ ಬಹುಪಾಲನ್ನು ಇದು ತಡೆಯುತ್ತದೆ.

ರೆಫ್ರಿಜರೇಟರ್ ಮತ್ತು ಸ್ಪ್ರೇ ಡಬ್ಬಿಗಳಲ್ಲಿ ಬಳಕೆಯಲ್ಲಿದ್ದ ಕ್ಲೋರೋಫ್ಲೋರೋಕಾರ್ಬನ್‌ಗಳು ಈ ಪದರವನ್ನು ನಾಶ ಮಾಡಬಲ್ಲವು ಎಂದು ಮಾರಿಯೊ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್ 1974ರಲ್ಲಿ ಎಚ್ಚರಿಸಿದರು. ಅಂಟಾರ್ಕ್ಟಿಕಾದ ಮೇಲೆ ಓಝೋನ್ ತೀವ್ರವಾಗಿ ಕುಸಿದಿರುವುದನ್ನು ಬ್ರಿಟಿಷ್ ವಿಜ್ಞಾನಿಗಳು 1985ರಲ್ಲಿ ವರದಿ ಮಾಡಿದರು. 1987ರ ಸೆಪ್ಟೆಂಬರ್ 16ರಂದು ಮಾಂಟ್ರಿಯಲ್ ಒಪ್ಪಂದಕ್ಕೆ ಸಹಿ ಬಿತ್ತು. ಭಾರತ 1992ರಲ್ಲಿ ಅದನ್ನು ಸೇರಿತು. ಈಗಿನ ನೀತಿಗಳು ಮುಂದುವರಿದರೆ ಅಂಟಾರ್ಕ್ಟಿಕಾದ ಮೇಲಿನ ಪದರ 2066ರ ಸುಮಾರಿಗೆ 1980ರ ಮಟ್ಟಕ್ಕೆ ಮರಳಲಿದೆ ಎಂದು ವಿಶ್ವಸಂಸ್ಥೆಯ ಬೆಂಬಲದ 2022ರ ವೈಜ್ಞಾನಿಕ ಮೌಲ್ಯಮಾಪನ ಅಂದಾಜಿಸಿದೆ.

ನೆಲಮಟ್ಟದ ಮಾಲಿನ್ಯ

ನೆಲದ ಬಳಿಯ ಓಝೋನ್ ಯಾವುದೇ ಚಿಮಣಿಯಿಂದ ನೇರವಾಗಿ ಬರುವುದಲ್ಲ. ವಾಹನ ಹಾಗೂ ಕಾರ್ಖಾನೆಗಳು ಹೊರಸೂಸುವ ನೈಟ್ರೋಜನ್ ಆಕ್ಸೈಡ್‌ಗಳು ಮತ್ತು ಇಂಧನ, ಬಣ್ಣಗಳಿಂದ ಆವಿಯಾಗುವ ಸಾವಯವ ರಾಸಾಯನಿಕಗಳು ಬಿಸಿಲಿನಲ್ಲಿ ಪ್ರತಿಕ್ರಿಯಿಸಿದಾಗ ಅದು ಹುಟ್ಟುತ್ತದೆ. ಹೀಗಾಗಿ ಅದರ ಮಟ್ಟ ಸಾಮಾನ್ಯವಾಗಿ ಮಧ್ಯಾಹ್ನ ಏರುತ್ತದೆ. ಉಸಿರಾಟದ ನಾಳಗಳನ್ನು ಕೆರಳಿಸುವ ಈ ಅನಿಲದಿಂದ ಕೆಮ್ಮು, ಎದೆ ಬಿಗಿತ ಉಂಟಾಗಬಹುದು, ಅಸ್ತಮಾ ಉಲ್ಬಣಿಸಬಹುದು. ಭಾರತದಲ್ಲಿ 2009ರಲ್ಲಿ ಪ್ರಕಟವಾದ ಮಾನದಂಡದ ಪ್ರಕಾರ ಹೊರಗಿನ ಗಾಳಿಯಲ್ಲಿ ಓಝೋನ್‌ನ ಎಂಟು ಗಂಟೆಗಳ ಸರಾಸರಿ ಘನಮೀಟರಿಗೆ 100 ಮೈಕ್ರೋಗ್ರಾಂ ಮೀರುವಂತಿಲ್ಲ.

ಯಂತ್ರದೊಳಗೆ ನಡೆಯುವುದೇನು?

ಅಯಾನೈಸರ್‌ನಲ್ಲಿ ಸೂಜಿ ಮೊನೆ ಅಥವಾ ತೆಳು ತಂತಿಗೆ ಅಧಿಕ ವೋಲ್ಟೇಜ್ ಹರಿಸಲಾಗುತ್ತದೆ. ಅದರಿಂದ ಉಂಟಾಗುವ ಅಯಾನುಗಳು ಧೂಳಿನ ಕಣಗಳಿಗೆ ವಿದ್ಯುದಾವೇಶ ನೀಡುತ್ತವೆ. ಆ ಕಣಗಳು ಯಂತ್ರದ ಲೋಹದ ತಟ್ಟೆಗೆ, ಇಲ್ಲವೇ ಗೋಡೆ, ಪರದೆ, ನೆಲಕ್ಕೆ ಅಂಟಿಕೊಳ್ಳುತ್ತವೆ. ಇದೇ ವಿದ್ಯುತ್ ವಿಸರ್ಜನೆ ಆಮ್ಲಜನಕದ ಅಣುಗಳನ್ನು ಒಡೆದಾಗ ಬಿಡಿ ಪರಮಾಣುಗಳು ಇತರ ಅಣುಗಳಿಗೆ ಸೇರಿ ಓಝೋನ್ ಆಗುತ್ತದೆ. ಪ್ರಮಾಣ ಯಂತ್ರದ ವಿನ್ಯಾಸವನ್ನು ಅವಲಂಬಿಸಿರುತ್ತದೆ. ಅಯಾನೈಸರ್‌ಗಳಲ್ಲಿ ಇದು ಉಪೋತ್ಪನ್ನವಾದರೆ, ‘ಓಝೋನ್ ಜನರೇಟರ್’ಗಳು ಉದ್ದೇಶಪೂರ್ವಕವಾಗಿಯೇ ಇದನ್ನು ಉತ್ಪಾದಿಸುತ್ತವೆ.

ಆರೋಗ್ಯಕ್ಕೆ ಸುರಕ್ಷಿತವಾದ ಮಟ್ಟದಲ್ಲಿ ಓಝೋನ್ ಒಳಾಂಗಣ ಮಾಲಿನ್ಯವನ್ನು ನಿವಾರಿಸುವ ಸಾಧ್ಯತೆ ಅತ್ಯಲ್ಪ ಎಂಬುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಭಿಪ್ರಾಯ. ಅಂದರೆ, ಗಾಳಿಯನ್ನು ಶುದ್ಧಗೊಳಿಸುವಷ್ಟು ಓಝೋನ್ ಇದ್ದರೆ ಅದು ಶ್ವಾಸಕೋಶಕ್ಕೂ ಹಾನಿಕರ. ನೆಲ ಒರೆಸುವ ದ್ರಾವಣ, ರೂಮ್ ಫ್ರೆಶ್ನರ್‌ಗಳಲ್ಲಿರುವ ನಿಂಬೆ ಪರಿಮಳದ ಲಿಮೋನೀನ್‌ನೊಂದಿಗೆ ಅದು ಬೆರೆತರೆ ಫಾರ್ಮಾಲ್ಡಿಹೈಡ್ ಮತ್ತು ಅತಿಸೂಕ್ಷ್ಮ ಕಣಗಳು ಉತ್ಪತ್ತಿಯಾಗುತ್ತವೆ.

ಕ್ಯಾಲಿಫೋರ್ನಿಯಾ ರಾಜ್ಯವು ಮನೆ ಬಳಕೆಯ ವಾಯುಶುದ್ಧಿ ಸಾಧನಗಳಿಂದ ಹೊರಬರುವ ಓಝೋನ್‌ಗೆ 0.05 ಪಿಪಿಎಂ ಮಿತಿ ಹೇರಿದೆ. ಇದು ಹತ್ತು ಕೋಟಿ ಭಾಗ ಗಾಳಿಯಲ್ಲಿ 5 ಭಾಗಕ್ಕೆ ಸಮ.

ಕೊಳ್ಳುವ ಮುನ್ನ

‘ಆಕ್ಟಿವೇಟೆಡ್ ಆಕ್ಸಿಜನ್’, ‘ಸೂಪರ್ ಆಕ್ಸಿಜನ್’ ಎಂಬ ಹೆಸರುಗಳ ಹಿಂದೆ ಇರುವುದು ಓಝೋನ್ ಎಂಬುದನ್ನು ಗ್ರಾಹಕರು ಗಮನಿಸಬೇಕು. ಹೆಪಾ ಫಿಲ್ಟರ್ ಸಾಧನಗಳು ಕಣಗಳನ್ನು ಯಾಂತ್ರಿಕವಾಗಿ ಹಿಡಿದಿಡುವುದರಿಂದ ಅವುಗಳಿಗೆ ಓಝೋನ್‌ನ ಅಗತ್ಯವಿಲ್ಲ. ಹೆಪಾ ಜೊತೆಗೆ ಅಯಾನೈಸರ್ ಕೂಡ ಇದ್ದರೆ ಅದನ್ನು ಪ್ರತ್ಯೇಕವಾಗಿ ಆರಿಸುವ ಗುಂಡಿ ಇದೆಯೇ ಎಂದು ನೋಡುವುದು ಒಳಿತು. ಮಕ್ಕಳು, ವೃದ್ಧರು, ಅಸ್ತಮಾ ರೋಗಿಗಳು ಮಲಗುವ ಮುಚ್ಚಿದ ಕೋಣೆಯಲ್ಲಿ ಓಝೋನ್ ಹೊರಸೂಸುವ ಯಂತ್ರ ಇರಿಸಬಾರದು. ಘಾಟು ಬಂದ ಕೂಡಲೇ ಯಂತ್ರ ನಿಲ್ಲಿಸಿ ಕಿಟಕಿ ತೆರೆಯಬೇಕು. ಮೂಗು ಬೇಗನೆ ಆ ವಾಸನೆಗೆ ಒಗ್ಗಿಹೋಗುವುದರಿಂದ ವಾಸನೆ ಇಲ್ಲವಾಯಿತೆಂದರೆ ಅನಿಲವೂ ಇಲ್ಲವಾಯಿತೆಂದು ಭಾವಿಸುವಂತಿಲ್ಲ.

ಮನೆಯಲ್ಲಿ ಹುಟ್ಟಿದ ಓಝೋನ್ ಮೇಲೇರಿ ಆಕಾಶದ ಪದರವನ್ನೂ ತುಂಬುವುದಿಲ್ಲ. ಗೋಡೆ, ಬಟ್ಟೆ, ರಬ್ಬರ್ ಹಾಗೂ ಉಸಿರಾಡುವವರ ಶ್ವಾಸಕೋಶದೊಂದಿಗೆ ಪ್ರತಿಕ್ರಿಯಿಸಿ ಅದು ಅಲ್ಲಿಯೇ ಮುಗಿದುಹೋಗುತ್ತದೆ.