ಯೆಜ್ಡಿಯಿಂದ ಪಲ್ಸರ್‌ವರೆಗೆ: ಗಾಡಿ ಆಯಿಲ್ ಬದಲಾಯಿಸೋದು ಯಾರ ಕೆಲಸ?

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ನಮ್ಮಪ್ಪಂದಿರ ಕಾಲದಲ್ಲಿ ಗಾಡಿಯ ಇಂಜಿನ್ ಆಯಿಲ್ ಯಾರು ಬದಲಾಯಿಸ್ತಿದ್ರು? ಶೋರೂಮ್‌ನವರಾ, ತಾವೇನಾ? ಬಹುಪಾಲು ಮನೆಗಳಲ್ಲಿ ಉತ್ತರ: ಯಾರೂ ಇಲ್ಲ. ಬದಲಾಯಿಸೋಕೆ ಆಯಿಲೇ ಇರ್ತಿರಲಿಲ್ಲ!

ಆಗಿನ ಗಾಡಿಗಳು ಹೆಚ್ಚಾಗಿ ಟೂ-ಸ್ಟ್ರೋಕ್. ಆಯಿಲನ್ನ ಪೆಟ್ರೋಲಿಗೇ ಬೆರೆಸಬೇಕು, ಲೀಟರಿಗೆ 30-40 ಎಂ.ಎಲ್. ಲೆಕ್ಕದಲ್ಲಿ. ಅದು ಇಂಜಿನ್ ಒಳಗೆ ಹೋಗಿ, ಜಾರಿಸಿ, ಪೆಟ್ರೋಲ್ ಜೊತೆ ಸುಟ್ಟು, ಸೈಲೆನ್ಸರ್‌ನಲ್ಲಿ ನೀಲಿ ಹೊಗೆಯಾಗಿ ಹೊರಗೆ ಬರ್ತಿತ್ತು. ಗೇರ್‌ಬಾಕ್ಸ್‌ಗೆ ಮಾತ್ರ ಬೇರೆ ಆಯಿಲ್, ಅಪರೂಪಕ್ಕೊಮ್ಮೆ ಬದಲಾವಣೆ. ಅಂದ್ರೆ ಪ್ರತಿ ಸಲ ಬಂಕ್‌ಗೆ ಹೋದಾಗಲೂ ಸವಾರನೇ ಅರ್ಧ ಮೆಕ್ಯಾನಿಕ್. ಆಯಿಲ್ ಕಮ್ಮಿಯಾದ್ರೆ ಪಿಸ್ಟನ್ ಸೀಜ್, ಜಾಸ್ತಿಯಾದ್ರೆ ಪ್ಲಗ್ ಕಪ್ಪು.

ನಮ್ಮ ಮೈಸೂರಿಗೆ ಇದು ಮನೆ ವಿಷಯ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಜಯಚಾಮರಾಜ ಒಡೆಯರ್ ಅವರಿಂದ ಉದ್ಘಾಟನೆಯಾದದ್ದು. ಮೊದಲು ಜಾವಾ, ಆಮೇಲೆ ಯೆಜ್ಡಿ. ನಮ್ಮ ಸೋದರಮಾವ ಅಲ್ಲೇ ಕೆಲಸಕ್ಕಿದ್ರು. ಕಿಕ್ಕರ್ರೂ ಅದೇ, ಗೇರ್ ಲಿವರ್ರೂ ಅದೇ ಆಗಿದ್ದ ಆ ಗಾಡಿಯನ್ನ ಅವರು ಮನೆ ಮುಂದೆ ಗೋಣಿಚೀಲ ಹಾಸಿಕೊಂಡು ಬಿಚ್ಚಿ ಜೋಡಿಸೋರು. ಕಾರ್ಖಾನೆ 1996ರಲ್ಲಿ ಬಾಗಿಲು ಹಾಕ್ತು. ಮಾವ ಆಮೇಲೆ ಸ್ಪ್ಯಾನರ್ ಡಬ್ಬಿ ಮುಟ್ಟಿದ್ದು ಕಮ್ಮಿ.

ಈಗ ನಾನಿರೋ ನಿಗಡಿಗೆ ಬನ್ನಿ. ಭಕ್ತಿ-ಶಕ್ತಿ ಚೌಕದಿಂದ ಹಳೇ ಮುಂಬೈ ರಸ್ತೆಯಲ್ಲಿ ಪಿಂಪ್ರಿ ಕಡೆ ಹೊರಟ್ರೆ ಆಕುರ್ಡಿ. ಅಲ್ಲಿ ಬಜಾಜ್. 1972ರಲ್ಲಿ ಬಂದ ಚೇತಕ್ ಕೂಡ ಟೂ-ಸ್ಟ್ರೋಕೇ. ಬುಲೆಟ್ ಒಂದು ಮೊದಲಿಂದಲೂ ಫೋರ್-ಸ್ಟ್ರೋಕ್, ಆದರೆ ಅದನ್ನ ಸಾಕೋರು ಎಷ್ಟು ಮಂದಿ?

ಆಟ ಬದಲಾದದ್ದು 1985ರಲ್ಲಿ, ಹೀರೋ ಹೋಂಡಾ ಸಿಡಿ 100 ಬಂದಾಗ. ಅದರ ಜಾಹೀರಾತು ನೆನಪಿದೆಯಾ? ‘ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್’. ತಮಾಷೆ ಅಂದ್ರೆ, ಮರೆತುಬಿಡಿ ಅಂದ ಗಾಡಿಗೇ ನೆನಪಿಟ್ಟುಕೊಂಡು ಆಯಿಲ್ ಬದಲಾಯಿಸಬೇಕಿತ್ತು. ಫೋರ್-ಸ್ಟ್ರೋಕ್‌ನಲ್ಲಿ ಆಯಿಲ್ ಸುಟ್ಟು ಹೋಗಲ್ಲ, ಕೆಳಗೆ ನಿಂತು ಮತ್ತೆ ಮತ್ತೆ ಸುತ್ತುತ್ತೆ, ಕೊಳೆಯಾಗುತ್ತೆ. ಅದೇ ಒಂದು ಲೀಟರ್ ಇಂಜಿನ್ನಿಗೂ ಗೇರಿಗೂ ಕ್ಲಚ್ಚಿಗೂ. ಅದಕ್ಕೇ ಕಾರಿನ ಆಯಿಲ್ ಎಲ್ಲವೂ ಬೈಕಿಗೆ ಆಗಲ್ಲ. ಜಾರಿಕೆ ಹೆಚ್ಚಿಸೋ ಕೆಮಿಕಲ್ ಇದ್ದರೆ ಕ್ಲಚ್ ಪ್ಲೇಟೂ ಜಾರುತ್ತೆ. ಜಪಾನಿನವರು 1998ರಲ್ಲಿ ಜಾಸೋ ಎಂಎ ಅನ್ನೋ ಗುರುತು ತಂದಿದ್ದು ಇದಕ್ಕೇ. ಡಬ್ಬದ ಹಿಂದೆ ನೋಡಿ, ಇರುತ್ತೆ.

ಈ ಹೊಸ ಗಾಡಿಗಳ ಜೊತೆ ಫ್ರೀ ಸರ್ವಿಸ್ ಕೂಪನ್ ಬಂತು. ಫ್ರೀ ಅಂದ್ರೆ ಕೂಲಿ ಮಾತ್ರ, ಆಯಿಲ್ ದುಡ್ಡು ನಮ್ಮದೇ. ಕೂಪನ್ ಮುಗಿಯೋ ಹೊತ್ತಿಗೆ ಶೋರೂಮ್ ಅಭ್ಯಾಸ ಆಗಿಬಿಟ್ಟಿರುತ್ತೆ. 2001ರ ಪಲ್ಸರ್ ಹೊತ್ತಿಗೆ ನಮ್ಮ ತಲೆಮಾರು ಸ್ಪ್ಯಾನರ್ ಮರೆತಾಗಿತ್ತು.

ನನ್ನ ಕಥೆ ಕೇಳಿ. ಎರಡು ವರ್ಷದ ಹಿಂದೆ ಒಂದು ಶೋರೂಮ್‌ನಲ್ಲಿ ಸರ್ವಿಸ್‌ಗೆ ಬಿಟ್ಟೆ, ಬಿಲ್ 1,680 ರೂಪಾಯಿ. ಮುಂದಿನ ಸಲ ನಾನೇ ಮಾಡೋಣ ಅಂತ ಡ್ರೈನ್ ಬೋಲ್ಟ್ ತಿರುಗಿಸಿದ್ರೆ, ಬೋಲ್ಟ್ ಜೊತೆ ಅಲ್ಯೂಮಿನಿಯಂ ಚೂರೂ ಬಂತು. ಹಿಂದೆ ಯಾರೋ ಬಲ ಹಾಕಿ ಬಿಗಿದು ಥ್ರೆಡ್ ತಿಂದಿದ್ರು. ಗಾಡಿ ತಗೊಂಡು ಹೋಗಿ ಕೇಳಿದ್ರೆ, ‘ಸರ್, ನೀವೇ ಬಿಚ್ಚಿದ್ದೀರಲ್ಲ’ ಅಂದ್ರು. ನನ್ನ ಹತ್ರ ಏನು ಸಾಕ್ಷಿ? ಲೇತ್ ಅಂಗಡಿಯಲ್ಲಿ ಹೆಲಿಕಾಯಿಲ್ ಹಾಕಿಸಿದೆ. ಮಾವನಿಗೆ ಫೋನ್ ಮಾಡಿ ಗೋಳು ಹೇಳಿಕೊಂಡ್ರೆ ನಕ್ಕರು: ‘ಅಲ್ಲ ಕಣೋ, ಬೋಲ್ಟ್ ಬಿಗಿಯೋದು ತೋಳಲ್ಲಲ್ಲ, ಮಣಿಕಟ್ಟಲ್ಲಿ. ಎಂಟೆಕ್‌ನಲ್ಲಿ ಹೇಳಿಕೊಡ್ಲಿಲ್ವಾ?’ ಆ ದಿನ ಒಂದು ಗಂಟೆ ಮಾತಾಡಿದ್ವಿ. ಕಾರ್ಖಾನೆ ಮುಚ್ಚಿದ ಮೇಲೆ ಗಾಡಿ ವಿಷಯ ಅವರು ಅಷ್ಟು ಮಾತಾಡಿದ್ದು ನಾನು ಕೇಳಿಯೇ ಇರಲಿಲ್ಲ.

ನನ್ನ ಅಭಿಪ್ರಾಯ ಕೇಳಿದ್ರೆ: ವಾರಂಟಿ ಇರೋವರೆಗೂ ಶೋರೂಮ್, ಬಿಲ್ ಎಲ್ಲ ಎತ್ತಿಡಿ. ಆಮೇಲೆ ನೀವೇ ಮಾಡಿ, ಪ್ರತಿ ಸಲ ಹೊಸ ವಾಷರ್ ಹಾಕಿ, ಆದ್ರೆ ಟಾರ್ಕ್ ರೆಂಚ್ ತಗೊಳ್ಳಿ. ಉಳಿತಾಯ ಅಂಥಾ ದೊಡ್ಡದಲ್ಲ, ಹಿಂಜವಡಿ ಸಂಬಳಕ್ಕೆ ಏನೂ ಅಲ್ಲ. ಯಾವ ಆಯಿಲ್ ಹೋಯ್ತು, ಎಷ್ಟು ಹೋಯ್ತು ಅಂತ ಗೊತ್ತಿರುತ್ತೆ, ಅಷ್ಟೆ.

ಹಳೇ ಆಯಿಲ್ ಮಾತ್ರ ದಯವಿಟ್ಟು ಚರಂಡಿಗೆ ಸುರಿಬೇಡಿ. ನಮ್ಮ ಕಡೆಯ ಚರಂಡಿ ನೀರು ಕೊನೆಗೆ ಪವನಾ ನದಿಗೇ ಹೋಗೋದು. ನಾನು ಖಾಲಿ ಡಬ್ಬಕ್ಕೇ ತುಂಬಿ, ಮೂರು ಡಬ್ಬ ಆದ ಮೇಲೆ ನಮ್ಮ ಗಲ್ಲಿಯ ಗ್ಯಾರೇಜಿನವನಿಗೆ ಕೊಡ್ತೀನಿ, ಅವನ ಡ್ರಮ್ಮು ತಗೊಂಡು ಹೋಗೋಕೆ ಜನ ಬರ್ತಾರೆ.

ಅಂದ ಹಾಗೆ, ಆಕುರ್ಡಿಯಲ್ಲಿ 2022ರಿಂದ ತಯಾರಾಗ್ತಿರೋದು ಎಲೆಕ್ಟ್ರಿಕ್ ಚೇತಕ್. ಅದಕ್ಕೆ ಇಂಜಿನ್ ಆಯಿಲೇ ಇಲ್ಲ. ಮಾವನಿಗೆ ಹೇಳಿದೆ. ‘ಹಾಗಾದ್ರೆ ಭಾನುವಾರ ಏನ್ ಮಾಡ್ತೀಯೋ?’ ಅಂದ್ರು.